ನಗುವಿನ ಶಾಟ್

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿ 'ಟಕ್' ಎಂದು ಸಣ್ಣ ಸದ್ದಾಯಿತು. ಇಲಿಯಲ್ಲ, ಹಲ್ಲಿಯಲ್ಲ, ಟೀವಿಯ ಸ್ವಿಚ್ಚು ಒತ್ತಿದ ಸದ್ದು. ಬೇರೆ ಮನೆಯಲ್ಲಾಗಿದ್ದರೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹಂಸಳ ಒಂದು ಕಿವಿ ಮಾತ್ರ ಇಂಥವಕ್ಕೆಂದೇ ಸದಾ ಎಚ್ಚರವಾಗಿರುತ್ತಿತ್ತು. ಗ್ಯಾಸ್ ಆರಿಸಿದೆನೇ, ಚಿಲಕ ಹಾಕಿದೆನೇ, ನೀರಿನ ಮೋಟಾರು ಓಡುತ್ತಲೇ ಇದೆಯೇ ಎಂದು ದಿನಕ್ಕೆ ಹತ್ತು ಸಲ ಎದ್ದು ನೋಡುವ ಜೀವ ಅದು. ಪಕ್ಕದಲ್ಲಿ ಗಂಡ ಮುರಳಿ ಗೋಡೆಗೆ ಮುಖ ಮಾಡಿ ಗಾಢ ನಿದ್ದೆಯಲ್ಲಿದ್ದ. ಅವಳು ಸದ್ದಾಗದಂತೆ ಎದ್ದು ಹೊರಗೆ ಬಂದಳು.

ಅತ್ತೆ ಆದಿಲಕ್ಷ್ಮಮ್ಮ ಟೀವಿಗೆ ಮೂಗು ತಾಗುವಷ್ಟು ಹತ್ತಿರ ನೆಲದ ಮೇಲೆ ಕೂತಿದ್ದರು. ಸೌಂಡು ಪೂರ್ತಿ ಇಳಿಸಿದ್ದರು. ಸರ್ಕಾರಿ ಚಾನೆಲ್‌ನಲ್ಲಿ ಯಾರೋ ಒಬ್ಬರು ಟೊಮೆಟೊ ಗಿಡದ ಹುಳು ಹಿಡಿದು ಸುಮ್ಮನೆ ಬಾಯಾಡಿಸುತ್ತಿದ್ದರು.

"ಅತ್ತೆ, ಇಷ್ಟೊತ್ನಲ್ಲಿ ಏನ್ ಮಾಡ್ತಿದ್ದೀರಿ?"

"ಇನ್ನೊಂದ್ ಸಲ ಹಾಕ್ತಾರೇನೋ ಅಂತ ನೋಡ್ತಾ ಇದೀನಿ."

"ಏನನ್ನ?"

ಆದಿಲಕ್ಷ್ಮಮ್ಮ ತಿರುಗಲಿಲ್ಲ. "ನಮ್ ದೀಪುನ್ನ ತೋರ್ಸಿದ್ರು ಕಣೇ. ನೀವಿಬ್ರೂ ಇನ್ನೂ ಬಂದಿರ್ಲಿಲ್ಲ. ಚಟ್ಟದ ಮೇಲೆ ಮಲಗ್ಸಿದ್ರು ನನ್ ಮಗನ್ನ. ಎಷ್ಟ್ ಹೂವ ಅಂತೀಯಾ! ನಾಲ್ಕು ಜನ ಹೆಗಲು ಕೊಟ್ಟಿದ್ರು. ನಾನು ಅಂದ್ಕೊಂಡಂಗೆ ಏನೂ ಆಗಿಲ್ಲ ಬಿಡು, ಮರ್ಯಾದೆಯಾಗೇ ಕಳ್ಸಿದಾರೆ." ಅವರು ಸೆರಗಿನಿಂದ ಟೀವಿಯ ಗಾಜು ಒರೆಸಿದರು. "ಆಮೇಲೆ ನಕ್ಕ. ನನ್ನೇ ನೋಡ್ಕೊಂಡು ನಕ್ಕ, ಹಂಸ."

ಹಂಸಳಿಗೆ ತಟ್ಟನೆ ಹೊಳೆಯಿತು. ತಾನೇ ನಿರೂಪಣೆ ಬರೆದ ಡಾಕ್ಯುಮೆಂಟರಿಯ ಪ್ಲೇಗಿನ ಕಂತು! ಅದು ಬರಬೇಕಾಗಿದ್ದದ್ದು ನಾಳೆ. ನಾಳೆ ಸಂಜೆ ಅತ್ತೆಯನ್ನು ಹಲಸೂರಿನ ಸೋಮೇಶ್ವರ ಗುಡಿಗೆ ಕರೆದುಕೊಂಡು ಹೋಗುವುದೆಂದು ಅವಳು ವಾರದಿಂದ ಯೋಚಿಸಿಟ್ಟುಕೊಂಡಿದ್ದಳು. ಚಾನೆಲ್‌ನವರು ಯಾರಿಗೂ ಹೇಳದೆ ಒಂದು ದಿನ ಮೊದಲೇ ಹಾಕಿಬಿಟ್ಟಿದ್ದರು. ಅದು ಪ್ರಸಾರವಾಗುವಾಗ ಅವಳು ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಬಸ್ಸಿನೊಳಗೆ ಸಿಕ್ಕಿಹಾಕಿಕೊಂಡಿದ್ದಳು.

ದೀಪು ಆದಿಲಕ್ಷ್ಮಮ್ಮನ ಹಿರಿಯ ಮಗ, ಮುರಳಿಯ ಅಣ್ಣ. ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಭಾನುವಾರ ಬಂತೆಂದರೆ ಸರ್ಕಾರಿ ಚಾನೆಲ್‌ನ ಇತಿಹಾಸದ ಡಾಕ್ಯುಮೆಂಟರಿಗಳ ಮುಂದೆ ಕೂತುಬಿಡುತ್ತಿದ್ದ. ಕೋಟೆಗಳು, ಬಂದರುಗಳು, ಶಾಸನಗಳು, ಹಳೆಯ ರೈಲುದಾರಿಗಳು, ಏನು ಬಂದರೂ ಸರಿ. ತಾಯಿಯನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. "ಸತ್ತೋರ್ ಕಥೆ ಎಷ್ಟೂಂತ ನೋಡ್ತೀಯೋ, ಒಂದ್ ಸೀರಿಯಲ್ಲಾದ್ರೂ ಹಾಕೋ" ಎಂದು ಅವರು ಬೈದರೆ, "ಸೀರಿಯಲ್‌ನಲ್ಲಿ ಇರೋರು ಬದುಕಿದಾರಾ ಅಮ್ಮ?" ಎನ್ನುತ್ತಿದ್ದ. ಕೊರೊನಾದ ಎರಡನೆಯ ಅಲೆಯಲ್ಲಿ ಅವನು ಆಸ್ಪತ್ರೆಗೆ ನಡೆದುಕೊಂಡೇ ಹೋದವನು ಮನೆಗೆ ಮರಳಲಿಲ್ಲ. ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ ಕೊಂಡುಹೋದರು. ಮುರಳಿಯನ್ನು ಗೇಟಿನ ಹೊರಗೇ ನಿಲ್ಲಿಸಿದರು. ಜಿಪ್ ಎಳೆದ ಚೀಲವೊಂದನ್ನು ದೂರದಿಂದ ನೋಡಿದ್ದಷ್ಟೇ ಅವನು. ಮನೆಗೆ ಬಂದು ತಾಯಿಯ ಮುಂದೆ ನಿಂತು, "ಮುಖ ನೋಡ್ದೆ ಅಮ್ಮ. ನಿದ್ದೆ ಮಾಡ್ದಂಗಿತ್ತು" ಎಂದುಬಿಟ್ಟಿದ್ದ. ಅದು ಸುಳ್ಳೆಂದು ಗೊತ್ತಿದ್ದದ್ದು ಹಂಸಳೊಬ್ಬಳಿಗೇ.

ಆದಿಲಕ್ಷ್ಮಮ್ಮನಿಗೆ ಆ ಮಾತು ಸಾಲಲಿಲ್ಲ. "ನೀನ್ ನೋಡಿದ್ರೆ ಆಯ್ತೇನೋ? ಹೆತ್ತೋಳು ನಾನು ನೋಡ್ಬೇಡ್ವಾ? ಚೀಲದಲ್ಲಿ ಇದ್ದಿದ್ದು ಯಾರೋ ಏನೋ." ಗೋಡೆಯ ಮೇಲಿನ ದೀಪುವಿನ ಫೋಟೋಗೆ ಇಷ್ಟು ವರ್ಷವಾದರೂ ಹಾರ ಹಾಕಗೊಟ್ಟಿರಲಿಲ್ಲ. ತಿಥಿ ಮಾಡಗೊಟ್ಟಿರಲಿಲ್ಲ. ಮಗ ಕೂರುತ್ತಿದ್ದ ಜಾಗದಲ್ಲಿ ತಾವು ಕೂತು, ಮಗ ನೋಡುತ್ತಿದ್ದ ಕಾರ್ಯಕ್ರಮಗಳನ್ನೇ ತಾವು ನೋಡುತ್ತಿದ್ದರು. ಕೆಳಗಿನ ಮನೆಯ ಇಮಾಮ್ ಬೀ ಬಂದಾಗಲೆಲ್ಲ ಕೆಣಕುತ್ತಿದ್ದಳು: "ಏನ್ ಆದಿಲಕ್ಷ್ಮಮ್ಮಾ, ಯಾವ್ದಾದ್ರೂ ಪರೀಕ್ಷೆ ಕಟ್ಟಿದೀರಾ? ಇಷ್ಟೊಂದು ಓದ್ತಾ ಇದೀರಲ್ಲ, ಐಎಎಸ್ಸಾ?" ಆದಿಲಕ್ಷ್ಮಮ್ಮ ಕಣ್ಣು ಕೀಳದೆ, "ಹೂಂ, ಪಾಸಾದ್ರೆ ನಿನ್ನನ್ನೇ ಪ್ಯೂನ್ ಮಾಡ್ಕೋತೀನಿ, ಕೂತ್ಕೋ ಬಾ" ಎನ್ನುತ್ತಿದ್ದರು.

ಹಾಗಾದರೆ ಅವರು ನೋಡಿದ ಚಟ್ಟದ ಮೇಲಿದ್ದವನು ಯಾರು? ಮುರಳಿ.

ಮುರಳಿ ಟಾಟಾ ಏಸ್ ಟೆಂಪೋ ಓಡಿಸುತ್ತಾನೆ. ಶೂಟಿಂಗ್‌ಗಳಿಗೆ ಸಾಮಾನು ಸಾಗಿಸುವುದು ಅವನ ಕೆಲಸ. ಇಂದಿರಾನಗರದ ಒಂದು ಸಣ್ಣ ಸ್ಟುಡಿಯೋ ಸರ್ಕಾರಿ ಚಾನೆಲ್‌ಗೆಂದು ಬೆಂಗಳೂರಿನ ದಂಡು ಪ್ರದೇಶದ ಇತಿಹಾಸದ ಮೇಲೆ ಡಾಕ್ಯುಮೆಂಟರಿ ಸರಣಿ ಮಾಡುತ್ತಿತ್ತು. ಕನ್ನಡ ಎಂ.ಎ. ಮಾಡಿಕೊಂಡಿದ್ದ ಹಂಸಳಿಗೆ ಅದರ ಕನ್ನಡ ನಿರೂಪಣೆ ಬರೆಯುವ ಕೆಲಸ ಸಿಕ್ಕಿತ್ತು. ಕಂತು ಮುಗಿದ ಮೇಲೆ ಕೊನೆಯ ಸಲ ಕೂತು ತಪ್ಪು ಹುಡುಕುವ ಕೆಲಸವೂ ಅವಳದೇ. ಪ್ಲೇಗಿನ ಕಂತಿಗೆ ರಿಚರ್ಡ್ಸ್ ಟೌನಿನ ಒಂದು ಪಾಳು ಬಂಗಲೆಯ ಅಂಗಳದಲ್ಲಿ ಶವಯಾತ್ರೆಯ ದೃಶ್ಯ ತೆಗೆದರು. ಹೆಣವಾಗಿ ಮಲಗಬೇಕಾಗಿದ್ದ ಜೂನಿಯರ್ ಆರ್ಟಿಸ್ಟ್ ಹಸಿ ಬಿದಿರಿನ ನಿಜವಾದ ಚಟ್ಟವನ್ನು ಕಂಡದ್ದೇ ಕೈಮುಗಿದ. "ನಮ್ಮಮ್ಮಂಗೆ ಹುಷಾರಿಲ್ಲ ಸಾರ್, ಇದರ ಮೇಲೆ ಮಾತ್ರ ಮಲಗಲ್ಲ" ಎಂದು ಹೊರಟೇಹೋದ. ಟೆಂಪೋಗೆ ಒರಗಿ ನಿಂತಿದ್ದ ಮುರಳಿ ತಾನಾಗಿಯೇ ಮುಂದೆ ಬಂದು, "ನಾನು ಮಲಗ್ತೀನಿ ಬಿಡಿ" ಎಂದನಂತೆ. ಆ ಕಾಲದವರ ಹಾಗೆ ಕಾಣಲೆಂದು ಅವನಿಗೆ ದಪ್ಪ ಮೀಸೆ ಅಂಟಿಸಿದರು. ದೀಪುವಿಗೆ ಇದ್ದದ್ದು ಅಂಥದೇ ಮೀಸೆ.

"ಯಾಕ್ರೀ ಮಲಗಿದ್ರಿ?" ಎಂದು ಹಂಸ ಅಂದು ರಾತ್ರಿ ಅಳುವ ದನಿಯಲ್ಲಿ ಕೇಳಿದ್ದಳು.

"ಅಣ್ಣಂಗೆ ಚಟ್ಟ ಸಿಗ್ಲಿಲ್ವಲ್ಲ. ಹೆಂಗಿರತ್ತೆ ನೋಡೋಣ ಅನ್ಸ್ತು." ಆಮೇಲೆ ನಕ್ಕಿದ್ದ. "ಹೆದರ್ಕೋಬೇಡ ಮಾರಾಯ್ತಿ, ನಗುವಿನ ಶಾಟ್ ತೆಗ್ದಿದಾರೆ. ಹಸನ್ ಬಿಡ್ಲಿಲ್ಲ."

ಸಿನಿಮಾದವರಲ್ಲಿ ಅದೊಂದು ಕಟ್ಟಳೆ. ಬದುಕಿರುವವನನ್ನು ಹೆಣವಾಗಿ ಮಲಗಿಸಿ ಚಿತ್ರ ತೆಗೆದರೆ, ಕ್ಯಾಮೆರಾ ನಿಲ್ಲಿಸುವ ಮೊದಲು ಅವನು ಕಣ್ಣು ಬಿಟ್ಟು ನಗುವುದನ್ನೂ ತೆಗೆಯಬೇಕು. ಸಾವು ಅವನಿಗೆ ಅಂಟಿಕೊಳ್ಳದಿರಲಿ ಎಂದು. ದಿಲ್ಲಿಯ ನಿರ್ದೇಶಕರು ಬೆಳಕು ಹೋಗುತ್ತಿದೆಯೆಂದು ಅವಸರ ಮಾಡಿದರೂ ಕ್ಯಾಮೆರಾದ ಹಸನ್ ಜಗ್ಗಲಿಲ್ಲ. "ಇವ್ನಿಗೆ ಹೆಂಡ್ತಿ ಇದಾಳೆ ಸಾರ್. ನಗ್ದೆ ಇದ್ರೆ ನಾನು ಕಟ್ ಮಾಡಲ್ಲ. ಮುರಳಿ, ನಗು ಗುರು!" ಎಂದನಂತೆ. ಹೆಣದ ಶಾಟಿಗೆ ಅಂಟಿಕೊಂಡೇ ಆ ನಗು ಇತ್ತು. ಪ್ರಸಾರಕ್ಕೆ ಹೋಗುವಾಗ ಅದನ್ನು ಕತ್ತರಿಸುವುದು ವಾಡಿಕೆ.

ಕತ್ತರಿಸುವಾಗ ಚೂರು ಉಳಿದುಹೋಗಿತ್ತು. ಕಂತಿನ ಕೊನೆಯಲ್ಲಿ ಅಂದಿನ ಪ್ಲೇಗನ್ನೂ ಇಂದಿನ ಕೊರೊನಾವನ್ನೂ ಬೆರೆಸಿ ತೋರಿಸುವ ಕಡೆ, ಮೂಗಿಗೆ ಹತ್ತಿ ಇಟ್ಟ ಮುಖದ ಮೇಲೆ ರೆಪ್ಪೆ ಅದುರಿ, ತುಟಿಯ ಒಂದು ಕೊನೆ ಮೇಲೆದ್ದು, ಅಷ್ಟರಲ್ಲಿ ಚಿತ್ರ ಬದಲಾಗುತ್ತಿತ್ತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು. ಒಂದು ಕಣ್ಣಿಗೆ ಪೊರೆ ಬಂದ, ಇನ್ನೊಂದಕ್ಕೆ ಆಪರೇಷನ್ ಆದ ಮುದುಕಿ ಗಾಜಿಗೆ ಮುಖ ಒತ್ತಿ ಕೂತು ಅಷ್ಟನ್ನು ಹಿಡಿದುಬಿಟ್ಟಿದ್ದರು.

"ಭಾನುವಾರ ಬೆಳಿಗ್ಗೆ ಮತ್ತೆ ಹಾಕ್ತಾರಂತೆ, ಕಡೇಲಿ ಹೇಳಿದ್ರು" ಎಂದರು ಆದಿಲಕ್ಷ್ಮಮ್ಮ. "ಮುರಳಿಗೆ ಹೇಳ್ಬೇಡ. ಅವನೇ ನೋಡ್ಲಿ. ಪಾಪ, ಅವನೂ ಅವತ್ತಿಂದ ಕೊರಗ್ತಾ ಅವ್ನೆ. ನೀನು ಒಂದು ಹಾರ ತಂದ್ಬಿಡು. ನೋಡಿದ್ಮೇಲೆ ಹಾಕೋಣ."

"ಹಾರಾನಾ?"

"ಮುಖ ನೋಡಾಯ್ತಲ್ಲ. ಇನ್ನೂ ಹಿಡ್ಕೊಂಡು ಕೂತ್ರೆ ಅವನಿಗೇ ಕಷ್ಟ."

ಹೇಳಬೇಕಾದ ಮಾತು ಹಂಸಳ ಬಾಯಿಯವರೆಗೆ ಬಂತು. 'ಅತ್ತೆ, ಅದು ದೀಪು ಭಾವ ಅಲ್ಲ.' ಹೇಳಿದರೆ ಏನಾದೀತು? ಇಷ್ಟು ವರ್ಷದ ಮೇಲೆ ಕೈಗೆ ಸಿಕ್ಕಿದ ಮಗನ ಮುಖವನ್ನು ಕಿತ್ತುಕೊಂಡಂತಾಗುತ್ತದೆ. ಅದರ ಜಾಗದಲ್ಲಿ, ಉಳಿದೊಬ್ಬ ಮಗ ಚಟ್ಟದ ಮೇಲೆ ಮಲಗಿದ್ದನೆಂಬುದನ್ನು ಇಟ್ಟಂತಾಗುತ್ತದೆ. ಅವಳು ಟೀವಿ ಆರಿಸಿ, ಅತ್ತೆಯ ಕೈ ಹಿಡಿದು ಎಬ್ಬಿಸಿದಳು.

ಮಾರನೆಯ ದಿನ ಸ್ಟುಡಿಯೋದಿಂದ ಕರೆ ಬಂತು. ಹೋದರೆ, ಎಡಿಟರ್ ತೇಜಶ್ರೀ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಪರದೆಯ ಮೇಲೆ ಅದೇ ಮುಖವನ್ನು ಹಿಂದೆ ಮುಂದೆ ಓಡಿಸುತ್ತಿದ್ದಳು. ಮುರಳಿಯನ್ನು ಅವಳು ಟೆಂಪೋದ ಹತ್ತಿರ ಒಂದೆರಡು ಸಲ ನೋಡಿದ್ದಳಷ್ಟೆ. ಆ ಮೀಸೆಯಲ್ಲಿ, ಆ ಬೂದಿ ಬಣ್ಣದಲ್ಲಿ ಅವನ ಗುರುತು ಅವಳಿಗೆ ಹತ್ತಿರಲಿಲ್ಲ.

"ಅಕ್ಕಾ, ಬನ್ನಿ ಬನ್ನಿ. ಹೆಣ ನಗ್ತಾ ಇದೆ, ನೋಡಿ!"

ಹಂಸ ನೋಡಿದಳು. ರೆಪ್ಪೆ ಅದುರಿತು. ತುಟಿ ಮೇಲೆದ್ದಿತು.

"ಇದು ಇಡೀ ದೇಶಕ್ಕೆ ಹೋಗಿದೆ ಅಕ್ಕ. ನಾನು ಎಡಿಟ್ ಮಾಡಿ ಮಾಡಿ ಕಣ್ಣು ಹೋಗಿತ್ತು, ನೋಡ್ಲಿಲ್ಲ, ಒಪ್ಕೋತೀನಿ. ನೀವು? ಫುಲ್‌ಸ್ಟಾಪ್ ಮುಂದೆ ಒಂದ್ ಸ್ಪೇಸ್ ಜಾಸ್ತಿಯಾದ್ರೂ ಫೋನ್ ಮಾಡೋರು! ನಿಮ್ ಕಣ್ಣಿಂದ ಹೆಂಗ್ ತಪ್ಪಿಸ್ಕೊಳ್ತು?"

"ಗೊತ್ತಾಗ್ಲಿಲ್ಲಮ್ಮ" ಎಂದಳು ಹಂಸ. ತನ್ನ ದನಿ ತನಗೇ ತೆಳ್ಳಗೆ ಕೇಳಿಸಿತು.

ಗೊತ್ತಾಗಿತ್ತು. ಕೊನೆಯ ಪರಿಶೀಲನೆಗೆ ಕೂತ ದಿನ, ಇದೇ ಕೋಣೆಯಲ್ಲಿ, ಒಬ್ಬಳೇ, ಗಂಡನ ಮೂಗಿನಲ್ಲಿ ಹತ್ತಿ ಕಂಡು ಅವಳಿಗೆ ಉಸಿರು ಕಟ್ಟಿತ್ತು. ಆ ಚೂರು ನಗು ಬಂದಾಗಲೇ ಉಸಿರು ಮರಳಿದ್ದು. ತಿದ್ದುಪಡಿ ಬರೆಯಲು ಹೋದ ಕೈ ನಿಂತುಬಿಟ್ಟಿತ್ತು. ಇಂಥದ್ದನ್ನೆಲ್ಲ ತಾನು ನಂಬುವವಳಲ್ಲ ಎಂದು ಅವಳು ಯಾರಿಗೆ ಬೇಕಾದರೂ ಹೇಳುತ್ತಿದ್ದಳು. ಆದರೂ, ಇಡೀ ದೇಶಕ್ಕೆ ಅವನು ಸತ್ತದ್ದು ಕಾಣುವುದಾದರೆ ನಕ್ಕದ್ದೂ ಕಾಣಲಿ, ಇಷ್ಟೇ ಇಷ್ಟಾದರೂ ಇರಲಿ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು 'ಸರಿಯಿದೆ' ಎಂದು ಬರೆದು ಎದ್ದು ಬಂದಿದ್ದಳು.

"ಸದ್ಯ, ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂದಳು ತೇಜಶ್ರೀ. "ಭಾನುವಾರಕ್ಕೆ ಸರಿ ಮಾಡಿದ್ದನ್ನ ಬೆಳಿಗ್ಗೇನೇ ಕಳ್ಸಿಬಿಟ್ಟೆ. ನಗು ಫಿನಿಶ್."

"ಕಳ್ಸಾಯ್ತಾ?"

"ಆಯ್ತು. ಯಾಕೆ?"

"ಅಲ್ಲ... ಅದು ಹಾಗೇ ಇದ್ದಿದ್ರೆ ಏನಾಗ್ತಿತ್ತು ಅಂತ."

ತೇಜಶ್ರೀ ಅವಳನ್ನು ದಿಟ್ಟಿಸಿ ನೋಡಿ ಜೋರಾಗಿ ನಕ್ಕಳು. "ಹೆಣ ನಗೋದಾ? ಅಕ್ಕ, ನೀವೂ ಜೋಕ್ ಮಾಡೋಕೆ ಶುರು ಮಾಡಿದ್ರಾ!"

ಹಂಸ ನಗಲು ನೋಡಿದಳು. ಭಾನುವಾರ ಅತ್ತೆ ಆ ನಗುವಿಗಾಗಿ ಗಾಜಿಗೆ ಕಣ್ಣು ಅಂಟಿಸಿ ಕಾಯುತ್ತಾರೆ. ಅದು ಬರುವುದಿಲ್ಲ. ಅದನ್ನು ಮತ್ತೆ ಸೇರಿಸಿ ಎಂದು ಕೇಳಬೇಕಾದರೆ ಯಾಕೆ ಎಂದು ಹೇಳಬೇಕು. ಹೇಳಿದರೂ ಸೇರಿಸುವುದಿಲ್ಲ. ಸರ್ಕಾರಿ ಚಾನೆಲ್ ಒಂದು ಮನೆಯ ಮುದುಕಿಗೋಸ್ಕರ ಹೆಣವನ್ನು ನಗಿಸುವುದಿಲ್ಲ.

ಶನಿವಾರ ಹಲಸೂರು ಮಾರ್ಕೆಟ್ಟಿನಲ್ಲಿ ಹೂವಿನವಳು ಕೇಳಿದಳು. "ದೇವರಿಗಾ ಫೋಟೋಗಾ ಅಕ್ಕ?" ಹಂಸ ಬುಟ್ಟಿಯಲ್ಲಿದ್ದ ಹಾರಗಳನ್ನು ನೋಡಿದಳು. "ಹೇಳಿ ಅಕ್ಕ, ಎರಡೂ ಬೇರೆ ಬೇರೆ ಕಟ್ಟು. ದೇವರದ್ದು ಉದ್ದ, ಫೋಟೋದು ಗಿಡ್ಡ." ಫೋಟೋಗೆ ಎನ್ನುವಾಗ ಅವಳ ಕಣ್ಣ ಮುಂದೆ ಬಂದದ್ದು ದೀಪುವಿನ ಫೋಟೋ ಅಲ್ಲ, ಪರದೆಯ ಮೇಲಿನ ಆ ಬೂದಿ ಬಣ್ಣದ ಮುಖ. ಸುಗಂಧರಾಜದ ಗಿಡ್ಡ ಹಾರವನ್ನು ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು ಮರ್ಫಿ ಟೌನಿನ ಮನೆಗೆ ನಡೆದೇ ಬಂದಳು. ದಾರಿಯುದ್ದಕ್ಕೂ ಅದು ಕೈಯಲ್ಲಿ ತಣ್ಣಗಿತ್ತು.

ಮುರಳಿಗಾದರೂ ಮೊದಲೇ ಹೇಳಿಬಿಡೋಣವೆಂದುಕೊಂಡಳು. ಅವನು ಎಲ್ಲೋ ಲೋಡು ಇಳಿಸಿ, ಬೆವರಿನಲ್ಲಿ ಮಿಂದು ಬಂದ. ಅವಳು "ರೀ, ಒಂದ್ ಮಾತು" ಎನ್ನುವಷ್ಟರಲ್ಲಿ ಹಾಲ್‌ನಿಂದ ಆದಿಲಕ್ಷ್ಮಮ್ಮ ಕೂಗಿದರು. "ಮುರಳಿ, ನಾಳೆ ಯಾವ್ ಬಾಡಿಗೇನೂ ಒಪ್ಕೋಬೇಡ. ಮನೇಲೇ ಇರ್ಬೇಕು."

"ಏನಮ್ಮ ವಿಶೇಷ? ಕೋಳಿನಾ?"

"ಹೊಟ್ಟೆಬಾಕ! ಇರು ಅಂದ್ರೆ ಇರು." ಅತ್ತೆ ನಗುತ್ತಿದ್ದರು. ಅವರು ಹಾಗೆ ನಗುವುದನ್ನು ಕೇಳಿ ಯಾವ ಕಾಲವಾಗಿತ್ತೋ. ಹಂಸಳ ಮಾತು ಅಲ್ಲೇ ನಿಂತುಹೋಯಿತು.

ಭಾನುವಾರ ಬೆಳಿಗ್ಗೆ ಆದಿಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡು ಒಗೆದ ಸೀರೆಯುಟ್ಟು ಕೂತರು. ಮುರಳಿಯನ್ನು ಪಕ್ಕದಲ್ಲಿ, ದೀಪು ಅವರನ್ನು ಕೂರಿಸಿಕೊಳ್ಳುತ್ತಿದ್ದ ಹಾಗೆ, ಎಳೆದು ಕೂರಿಸಿದರು. ಹಂಸ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೀಟರ್ ಪಕ್ಕದ ಮೇನ್ ಸ್ವಿಚ್ಚಿನ ಕಡೆ ಎರಡು ಸಲ ನೋಡಿದಳು. ಆರಿಸಿದರೆ ಇವತ್ತು ತಪ್ಪೀತು. ಚಾನೆಲ್‌ನವರು ಇನ್ನೊಂದು ದಿನ, ಅವಳಿಲ್ಲದ ಹೊತ್ತಿನಲ್ಲಿ, ಹೇಳದೆ ಕೇಳದೆ ಮತ್ತೆ ಹಾಕುತ್ತಾರೆ.

ಶೀರ್ಷಿಕೆ ನೋಡಿದ್ದೇ ಮುರಳಿ ಬೆಚ್ಚಿ ಹೆಂಡತಿಯ ಕಡೆ ತಿರುಗಿದ. ಅವಳು ಕಣ್ಣಲ್ಲೇ, ಕೂತಿರಿ ಎಂದಳು. ಟೀವಿಯಲ್ಲಿ ಅವಳೇ ಬರೆದ ವಾಕ್ಯಗಳು ಒಂದೊಂದಾಗಿ ಬಂದವು. ಖಾಲಿಯಾದ ಬೀದಿಗಳು, ಬೀಗ ಬಿದ್ದ ಮನೆಗಳು, ಊರ ಹೊರಗಿನ ಗುಡಿಸಲುಗಳು. 'ಸತ್ತವರ ಮುಖ ಕಾಣುವ ಭಾಗ್ಯವೂ ಉಳಿದವರಿಗಿರಲಿಲ್ಲ' ಎಂಬ ವಾಕ್ಯ ಬಂದಾಗ ಹಂಸ ತಲೆ ತಗ್ಗಿಸಿದಳು. ಅದನ್ನು ಬರೆಯುವಾಗ ಎಷ್ಟು ಚೆನ್ನಾಗಿದೆ ಎಂದುಕೊಂಡಿದ್ದಳು.

"ಈಗ ಬರ್ತಾನೆ" ಎಂದರು ಆದಿಲಕ್ಷ್ಮಮ್ಮ.

"ಯಾರು?"

"ನಿಮ್ಮಣ್ಣ."

ಚಟ್ಟ ಬಂತು. ಹೂವು, ನಾಲ್ಕು ಹೆಗಲು. ಮುರಳಿ ತನ್ನದೇ ಹೆಣವನ್ನು ನೋಡುತ್ತ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಅದನ್ನು ಇನ್ನೊಬ್ಬ ಮಗನ ಹೆಸರು ಹಿಡಿದು ಕರೆಯುತ್ತಿದ್ದರು. "ನೋಡೋ, ನೋಡೋ ದೀಪುನ್ನ. ಹೆಂಗ್ ಮಲಗವ್ನೆ. ಈಗ ನಗ್ತಾನೆ ನೋಡು."

ಮುಖ ದೊಡ್ಡದಾಯಿತು. ಕಣ್ಣು ಮುಚ್ಚಿತ್ತು, ತುಟಿ ಮುಚ್ಚಿತ್ತು. ರೆಪ್ಪೆ ಅದುರಲಿಲ್ಲ. ಚಿತ್ರ ಬದಲಾಗಿ ಒಂದು ಆ್ಯಂಬುಲೆನ್ಸ್ ಹಾದುಹೋಯಿತು.

ಆದಿಲಕ್ಷ್ಮಮ್ಮ ಗಾಜಿನ ಮೇಲೆ ಅಂಗೈ ಇಟ್ಟರು. "ನಗ್ಲಿಲ್ವಲ್ಲ" ಎಂದರು. ಕಳೆದುಹೋದ ಮಗುವಿನ ದನಿ. "ಅವತ್ತು ನಕ್ಕಿದ್ದ. ಹಂಸ, ನಿಂಗೆ ಹೇಳಿದ್ನಲ್ಲ? ಯಾಕ್ ನಗ್ಲಿಲ್ಲ? ಅದು... ಅವನೇ ಅಲ್ವೇನೋ ಹಂಗಾದ್ರೆ?"

ಮುರಳಿ ಹೆಂಡತಿಯ ಮುಖ ನೋಡಿದ. ಅಲ್ಲಿ ಏನು ಓದಿದನೋ, ಅಮ್ಮನ ಕೈಯನ್ನು ಗಾಜಿನಿಂದ ಮೆಲ್ಲಗೆ ಬಿಡಿಸಿ ತನ್ನ ಕೈಯೊಳಗಿಟ್ಟುಕೊಂಡ.

"ನಕ್ಕ ಅಮ್ಮ. ನೀನು ಕಣ್ಣು ಮಿಟುಕ್ಸಿದೆ ಅಷ್ಟರಲ್ಲಿ. ನಾನ್ ನೋಡ್ದೆ."

"ನೋಡ್ದಾ?"

"ನೋಡ್ದೆ."

"ಅಣ್ಣಾನೇ ತಾನೆ?"

ಮುರಳಿ ಗೋಡೆಯ ಮೇಲಿನ ಫೋಟೋ ಕಡೆ ನೋಡಿದ. "ಅಣ್ಣಾನೇ."

ಆದಿಲಕ್ಷ್ಮಮ್ಮ ನಿಟ್ಟುಸಿರು ಬಿಟ್ಟರು. "ಸರಿ ಬಿಡು. ಅವತ್ತೂ ನೀನೇ ತಾನೆ ನೋಡಿದ್ದು. ನಿನ್ ಮಾತು ನಂಬ್ಲಿಲ್ಲ ನಾನು. ತಪ್ಪಾಯ್ತು ಕಣೋ." ಅವನ ಕೆನ್ನೆ ಸವರಿದರು. "ಹೋಗು, ಹಾರ ಹಾಕು. ಹಂಸ, ತಂದ್ಕೊಡಮ್ಮ."

ಹಂಸ ಬಾಳೆ ಎಲೆ ಬಿಚ್ಚಿ ಹಾರವನ್ನು ಕೊಟ್ಟಳು. ಮುರಳಿ ಸ್ಟೂಲ್ ಹತ್ತಿ ಅಣ್ಣನ ಫೋಟೋಗೆ ಅದನ್ನು ತೊಡಿಸಿದ. ಹೂವಿನವಳು ಸರಿಯಾಗಿ ಕಟ್ಟಿದ್ದಳು. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದಿಲಕ್ಷ್ಮಮ್ಮ ಕೈಮುಗಿದರು, ಆಮೇಲೆ ಸೆರಗು ಬಾಯಿಗೊತ್ತಿಕೊಂಡು, ಇಷ್ಟು ವರ್ಷ ಅಳದೆ ಇಟ್ಟುಕೊಂಡಿದ್ದನ್ನು ಅತ್ತರು. ಕೆಳಗಿನಿಂದ ಇಮಾಮ್ ಬೀ ಗಾಬರಿಯಾಗಿ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸಿತು.

ಅಡುಗೆಮನೆಯಲ್ಲಿ ಮುರಳಿ ನೀರು ಕುಡಿದು ಲೋಟ ಕೆಳಗಿಟ್ಟ. ಮತ್ತೆ ತುಂಬಿಕೊಂಡ. "ಮೊದಲ್ನೇ ಸಲ ನಿಜವಾಗ್ಲೂ ನಗು ಬಂದಿತ್ತಾ?"

"ಹೂಂ. ಎಡಿಟಿಂಗ್‌ನಲ್ಲಿ ಉಳ್ಕೊಂಡಿತ್ತಂತೆ. ಈಗ ತೆಗ್ದಿದಾರೆ."

"ಕಳ್ಸೋಕ್ ಮುಂಚೆ ಯಾರೂ ನೋಡ್ಲಿಲ್ವಾ?"

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಮೀಸೆಯಿಲ್ಲದ, ಬೆವರಿದ, ಬದುಕಿರುವ ಮುಖ. ಊರೆಲ್ಲ ನೋಡುವ ಕಡೆ ಈಗ ಸತ್ತ ಮುರಳಿ ಮಾತ್ರ ಉಳಿದಿದ್ದ. ನಕ್ಕ ಮುರಳಿಯನ್ನು ಕತ್ತರಿಸಿ ಎಸೆದಿದ್ದರು. ಹಾರವೂ ಬಿದ್ದಾಯಿತು. ಆ ಹಾರವನ್ನು ತೆಗೆಸಲು ಅವಳಿಗೆ ಬಾಯಿಲ್ಲ. ಆ ನಗುವನ್ನು ಮರಳಿ ತರಲು ಅವಳಿಗೆ ಕೈಯಿಲ್ಲ. ತಾನು ನೋಡಿದ್ದೆ, ನೋಡಿಯೂ ಬಿಟ್ಟಿದ್ದೆ, ನಿಮಗೋಸ್ಕರ ಬಿಟ್ಟಿದ್ದೆ ಎಂದು ಈಗ ಹೇಳಿದರೆ, ಅವನ ಭಯಕ್ಕೆ ತನ್ನ ಭಯವನ್ನೂ ಸೇರಿಸಿದಂತಾಗುತ್ತದೆ ಅಷ್ಟೇ.

"ಇಲ್ಲ" ಎಂದಳು. "ಯಾರೂ ನೋಡ್ಲಿಲ್ಲ."

ಹಾಲ್‌ನಲ್ಲಿ ಆದಿಲಕ್ಷ್ಮಮ್ಮ ಇಮಾಮ್ ಬೀಗೆ ಅಳುತ್ತಲೇ ಹೇಳುತ್ತಿದ್ದರು, ಮಗ ಹೇಗೆ ನಕ್ಕನೆಂದು. ಹಂಸ ಗ್ಯಾಸ್ ಆರಿದೆಯೇ ಎಂದು ಒಲೆಯ ನಾಬ್ ಮುಟ್ಟಿ ನೋಡಿದಳು, ಇನ್ನೊಮ್ಮೆ ಮುಟ್ಟಿ ನೋಡಿದಳು. ಅತ್ತೆಗಿಲ್ಲ, ಗಂಡನಿಗಿಲ್ಲ, ತೇಜಶ್ರೀಗಿಲ್ಲ. ಆ ಕೋಣೆಯಲ್ಲಿ ತಾನು ಏನು ಕಂಡೆ, ಏನು ಬರೆದು ಎದ್ದು ಬಂದೆ ಎಂಬುದನ್ನು ಯಾರಿಗೂ, ಯಾವತ್ತಿಗೂ ಹೇಳುವುದಿಲ್ಲವೆಂದು ಅವಳು ಅಲ್ಲೇ ನಿಂತು ನಿರ್ಧರಿಸಿದಳು.